ದೋಣಿ ಹತ್ತದ ಸೈಕಲ್ಲುಗಳು

ಸೋಲದೇವನಹಳ್ಳಿಯಲ್ಲಿ ನಾನಿರುವ ಬಾಡಿಗೆ ಕೋಣೆಯ ಕಿಟಕಿ ಹೆಸರಘಟ್ಟದ ರಸ್ತೆಗೆ ತೆರೆದುಕೊಂಡಿದೆ. ಭಾನುವಾರ ಬೆಳಗಿನ ಐದೂವರೆಗೆ ಅಲ್ಲಿ ಎರಡು ಬಗೆಯ ಸೈಕಲ್ಲುಗಳು ಎದುರುಬದುರಾಗುತ್ತವೆ. ನಗರದಿಂದ ಹೆಸರಘಟ್ಟ ಕೆರೆಯ ಕಡೆಗೆ ಹೋಗುವವು ಒಂದು ಬಗೆ. ಅವುಗಳಿಗೆ ಹಿಂದೆ ಮುಂದೆ ಮಿನುಗುವ ದೀಪ, ಸವಾರರಿಗೆ ಹೆಲ್ಮೆಟ್ಟು, ಮೈಗಂಟಿದ ಬಣ್ಣದ ಜೆರ್ಸಿ. ಎದುರಿನಿಂದ ನಗರದೊಳಕ್ಕೆ ಬರುವವು ಇನ್ನೊಂದು ಬಗೆ. ಪಾಳಿಗೆ ಹೊರಟ ಸೆಕ್ಯುರಿಟಿ ಗಾರ್ಡುಗಳು, ಗಾರೆ ಕೆಲಸದವರು, ಹ್ಯಾಂಡಲ್ಲಿಗೆ ನೇತುಬಿದ್ದ ಊಟದ ಡಬ್ಬಿ, ದೀಪವಿಲ್ಲ. ಮೊದಲನೆಯವರನ್ನು ನಾವು ಸೈಕ್ಲಿಸ್ಟುಗಳು ಎನ್ನುತ್ತೇವೆ. ಎರಡನೆಯವರಿಗೆ ಹೆಸರಿಲ್ಲ. ಅವರು ಸೈಕಲ್ ತುಳಿಯುವುದು ನಮಗೆ ಸೈಕ್ಲಿಂಗ್ ಆಗಿ ಕಾಣುವುದೇ ಇಲ್ಲ.

ಈ ಲೇಖನ ಹುಟ್ಟಿದ್ದು ಆ ರಸ್ತೆಬದಿಯ ಚಹಾದಂಗಡಿಯಲ್ಲಿ. ಮೊದಲನೆಯ ಗುಂಪಿನ ಒಬ್ಬರು ಪರಿಚಯವಾದರು. ಸಜ್ಜನರು. ನಾನು ಕುಮಟಾ ಕಡೆಯವರೆಂದು ತಿಳಿದದ್ದೇ ಉತ್ಸಾಹದಿಂದ ಫೋನು ತೆಗೆದು ತಮ್ಮ ಮುಂದಿನ ಪ್ರವಾಸದ ನಕ್ಷೆ ತೋರಿಸಿದರು. ಮಂಗಳೂರಿನಿಂದ ಕಾರವಾರ, ಮೂರು ದಿನ, ಸುಮಾರು 270 ಕಿಲೋಮೀಟರ್. ಹಿಂದೆ ಹೋಗಿಬಂದ ಯಾರೋ ಎಳೆದ ನೀಲಿ ಗೆರೆ ಅದು. ತಲೆಯಿಂದ ಕಾಲಿನವರೆಗೆ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಅಂಟಿಕೊಂಡಿತ್ತು. ಜೊತೆಗೆ ಟಿಪ್ಪಣಿಗಳು: ಇಲ್ಲಿ ನೀರು ದೋಸೆ ಚೆನ್ನ, ಇಲ್ಲಿ ಸೂರ್ಯಾಸ್ತ ಚೆನ್ನ, ಇಲ್ಲಿ ರೆಸಾರ್ಟಿದೆ. ನನ್ನ ಊರಿನ ಹತ್ತಿರದ ಅಘನಾಶಿನಿ ಅಳಿವೆಯ ಪಕ್ಕ ಒಂದು ಎಚ್ಚರಿಕೆ ಇತ್ತು: ದೋಣಿ ದಾರಿ, ಸಮಯ ಹಾಳು, ತಪ್ಪಿಸಿ. ಯಾಕೆ ತಪ್ಪಿಸಬೇಕು ಎಂದೆ. "ದೋಣಿಗೆ ಕಾಯುತ್ತ ನಿಂತರೆ ಆವರೇಜ್ ಸ್ಪೀಡ್ ಬಿದ್ದುಹೋಗುತ್ತದಲ್ಲ" ಎಂದರು.

ಆ ಒಂದು ಮಾತಿನ ಮೇಲೆ ನನ್ನ ಜಗಳ. ಅವರೊಬ್ಬರ ಮೇಲಲ್ಲ. ಆ ಮಾತಿನ ಹಿಂದೆ ಒಂದು ಇಡೀ ಮನೋಧರ್ಮವಿದೆ, ಅದನ್ನು ಹೆದ್ದಾರಿ ಕಟ್ಟುವವರು, ಪ್ರವಾಸೋದ್ಯಮದ ಯೋಜನೆ ಬರೆಯುವವರು, ಸೈಕಲ್ ಪ್ರವಾಸ ಕಥನ ಬರೆಯುವ ನಾವು, ಎಲ್ಲರೂ ಹಂಚಿಕೊಂಡಿದ್ದೇವೆ. ನನ್ನ ವಾದ ಇಷ್ಟು: ಕರಾವಳಿಗೆ ಹೊಸದೊಂದು ಸೈಕಲ್ ಪಥ ಬೇಕಾಗಿಲ್ಲ. ಅದು ಆಗಲೇ ಇದೆ. ಪಡುಕರೆಯ ಊರ ದಾರಿಗಳು ಮತ್ತು ಅವನ್ನು ಒಂದಕ್ಕೊಂದು ಹೊಲಿಯುವ ಕಡವುಗಳು ಸೇರಿದರೆ ಅದೇ ಆ ದಾರಿ. ಅದನ್ನು ನಾವು ಒಂದೊಂದಾಗಿ ಕತ್ತರಿಸುತ್ತಿದ್ದೇವೆ. ಕತ್ತರಿಸಿದ ಮೇಲೆ ಸೈಕಲ್ ಪ್ರವಾಸ ಎಂಬ ಹೆಸರಿನಲ್ಲಿ ಲಾರಿಗಳ ನಡುವೆ ಹೋಗಿ ಬಂದು ಕರಾವಳಿ ನೋಡಿದೆವು ಎನ್ನುತ್ತೇವೆ.

ಮೊದಲು ಆ ದಾರಿ ಎಲ್ಲಿದೆ ಎಂದು ಹೇಳಬೇಕು. ಇಲ್ಲದ್ದನ್ನು ಇದೆ ಎನ್ನುತ್ತಿದ್ದೇನೆಂದು ಅನುಮಾನ ಬೇಡ.

ಹೋದ ಡಿಸೆಂಬರಿನಲ್ಲಿ ಸೈಕಲ್ಲನ್ನು ಬಸ್ಸಿನ ಹೊಟ್ಟೆಗೆ ಹಾಕಿ ಮಂಗಳೂರಿಗೆ ಹೋದೆ. ಅಲ್ಲಿಂದ ಕುಮಟಾಕ್ಕೆ ಆರು ದಿನ ತೆಗೆದುಕೊಂಡೆ. ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ಗುರುಪುರ ಹೊಳೆ ದಾಟಿದರೆ ತಣ್ಣೀರುಬಾವಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ಪಣಂಬೂರಿನ ಬಂದರು ಅಡ್ಡ ಬರುತ್ತದೆ, ಹೆದ್ದಾರಿ ಅನಿವಾರ್ಯ. ಆದರೆ ಕಾಪು ದಾಟಿದ ಮೇಲೆ ಮಟ್ಟು, ಪಡುಕರೆ, ಮಲ್ಪೆಯವರೆಗೆ ಒಂದು ಕಿರಿದಾದ ರಸ್ತೆ ಕಡಲಿನ ಪಕ್ಕದಲ್ಲೇ ಓಡುತ್ತದೆ. ಎಡಕ್ಕೆ ಸಮುದ್ರ, ಬಲಕ್ಕೆ ಉದ್ಯಾವರ ಹೊಳೆ. ಮಟ್ಟುಗುಳ್ಳ ಬದನೆ ಬೆಳೆಯುವ ಗದ್ದೆಗಳೂ ಅಲ್ಲೇ. ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆ ಎಂದರೆ ಎಲ್ಲರೂ ಮರವಂತೆಯ ಹೆದ್ದಾರಿಯ ಫೋಟೋ ಹಾಕುತ್ತಾರೆ. ನಿಜ ಹೇಳಬೇಕೆಂದರೆ ಕರಾವಳಿಯಲ್ಲಿ ಅಂಥ ಜಾಗ ಮೈಲಿಗಟ್ಟಲೆ ಇದೆ. ಲಾರಿಗಳಿಲ್ಲದ ಕಾರಣ ಅದಕ್ಕೆ ಹೆಸರು ಬಂದಿಲ್ಲ, ಅಷ್ಟೆ.

ಮಲ್ಪೆಯಿಂದ ಹೂಡೆ ದಾಟಿ ಮುಂದೆ ಹೋದರೆ ನೆಲ ಕಿರಿದಾಗುತ್ತ ಕೋಡಿಬೆಂಗ್ರೆಯಲ್ಲಿ ಮುಗಿಯುತ್ತದೆ. ಸ್ವರ್ಣಾ, ಸೀತಾ ಹೊಳೆಗಳು ಅಲ್ಲಿ ಕಡಲು ಸೇರುತ್ತವೆ. ಎದುರು ದಡದಲ್ಲಿ ಹಂಗಾರಕಟ್ಟೆ ಕಾಣುತ್ತದೆ. ರಸ್ತೆಯಲ್ಲೇ ಹೋಗುವುದಾದರೆ ಕೆಮ್ಮಣ್ಣು, ಸಂತೆಕಟ್ಟೆ, ಬ್ರಹ್ಮಾವರ, ಸಾಸ್ತಾನ ಎಂದು ಸುತ್ತಬೇಕು. ಬಾರ್ಜು ಹತ್ತಿದರೆ ಕೆಲವೇ ನಿಮಿಷ. ನನ್ನ ಜೊತೆ ಬಾರ್ಜಿನಲ್ಲಿ ಎರಡು ಸ್ಕೂಟರ್, ಒಂದು ಮೀನಿನ ಬುಟ್ಟಿ, ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೊರಟ ಒಬ್ಬ ಅಜ್ಜಿ ಇದ್ದರು. ಆಚೆ ಇಳಿದರೆ ಕೋಡಿ, ಪಾರಂಪಳ್ಳಿ, ಕೋಟ ಪಡುಕರೆ, ಮಣೂರು ಪಡುಕರೆ, ಬೀಜಾಡಿ. ಕುಂದಾಪುರದ ಕೋಡಿಯವರೆಗೂ ಹೆದ್ದಾರಿಯ ಮುಖ ನೋಡದೆ ಹೋಗಬಹುದು.

ಈ ಹೆಸರುಗಳ ಮೇಲೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನ್ನ ಸಂಶೋಧನೆಯ ಕೆಲಸ ಇದೇ. ಪಡುಕರೆ ಎಂದರೆ ಪಡುವಣದ ಕರೆ, ಪಶ್ಚಿಮದ ದಂಡೆ. ಕೋಡಿ ಎಂದರೆ ತುದಿ. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿ. ಅಳಿವೆ ಎಂದರೆ ಹೊಳೆ ಕಡಲು ಸೇರುವ ಬಾಯಿ. ಕುಮಟಾದ ಹೆಗಡೆ ಊರಿನಲ್ಲಿ ತಾರಿಬಾಗಿಲು ಎಂಬ ಜಾಗವಿದೆ. ತೆಂಕಣದವರು ಕಡವು ಎನ್ನುವುದನ್ನು ನಮ್ಮ ಕಡೆ ತಾರಿ ಎನ್ನುತ್ತಾರೆ. ಕರಾವಳಿಯ ಭಾಷೆ ತನ್ನ ನೆಲವನ್ನು ಹೀಗೆ ಹೊಳೆ ದಾಟುವವರ ಕಣ್ಣಿನಿಂದ ಹೆಸರಿಸಿದೆ. ಹೆದ್ದಾರಿಯ ಹಸಿರು ಫಲಕಗಳಲ್ಲಿ ಈ ಹೆಸರುಗಳು ಬಹುಪಾಲು ಇಲ್ಲ. ಹೆದ್ದಾರಿಗೆ ಕೋಡಿ ಬೇಕಿಲ್ಲ, ಅದಕ್ಕೆ ತುದಿಗೆ ಹೋಗುವ ಕೆಲಸವೇ ಇಲ್ಲ.

ಸಾಹಿತ್ಯದ ಓದುಗರಿಗೆ ಇದು ಹೊಸ ವಿಷಯವಾಗಬಾರದು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941) ನಡೆಯುವುದು ಇದೇ ಕೋಡಿಯ ಮರಳಿನ ಮೇಲೆ. ಯಶವಂತ ಚಿತ್ತಾಲರು ಮುಂಬೈಯಲ್ಲಿ ಕೂತು ಮತ್ತೆ ಮತ್ತೆ ಬರೆದ ಹನೇಹಳ್ಳಿ ಇರುವುದು ಗೋಕರ್ಣಕ್ಕೂ ಗಂಗಾವಳಿ ಹೊಳೆಗೂ ನಡುವೆ. ಗೋಪಾಲಕೃಷ್ಣ ಅಡಿಗರ ಮೊಗೇರಿ ಮರವಂತೆಯಿಂದ ದೂರವಿಲ್ಲ. ನಮ್ಮ ಆಧುನಿಕ ಸಾಹಿತ್ಯದ ಒಂದು ದೊಡ್ಡ ಪಾಲು ಈ ಪಟ್ಟಿಯಲ್ಲಿ, ಕಾಲ್ನಡಿಗೆ ಮತ್ತು ದೋಣಿಯ ವೇಗದಲ್ಲಿ ಹುಟ್ಟಿತು. ಆದರೂ ಸಾಹಿತ್ಯ ಓದಿದವರೇ ಸೈಕಲ್ಲೇರಿ ಹೋದಾಗ ಕೋಟವನ್ನು ನಾಲ್ಕು ನಿಮಿಷದಲ್ಲಿ ದಾಟಿ, ಕಾರಂತರ ಊರು ದಾಟಿದೆ ಎಂದು ಬರೆಯುತ್ತಾರೆ. ಹೌದು, ದಾಟಿದ್ದು ನಿಜ. ಒಳಗೆ ಹೋಗಿದ್ದು ಸುಳ್ಳು.

ಇನ್ನು ಹೆದ್ದಾರಿಯ ವಿಷಯ. 2010ರಲ್ಲಿ ಸಂಖ್ಯೆ ಬದಲಾಗುವ ಮುಂಚೆ ಅದು ಹೆದ್ದಾರಿ 17. ನಮ್ಮೂರಿನ ಹಿರಿಯರ ಬಾಯಲ್ಲಿ ಇನ್ನೂ ಹದಿನೇಳೇ. ನಾನು ಸೈಕಲ್ ಕಲಿತದ್ದು ಹದಿನೇಳರ ಬದಿಯಲ್ಲಿ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಆ ಸೈಕಲ್ಲು ನನಗೂ ಸಿಕ್ಕಿತು. ಮೊದಲ ವಾರದಲ್ಲೇ ಪೆಡಲ್ ಕಳಚಿಬಿತ್ತು, ಅಪ್ಪ ತಂತಿ ಸುತ್ತಿ ಕೊಟ್ಟರು. ಆದರೂ ಅದು ನನ್ನದು. ನಾಲ್ಕು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಬಸ್ಸಿನ ಕರುಣೆಯಿಲ್ಲದೆ ಹೋಗುವುದೆಂದರೆ ಏನೆಂದು ಆ ತಂತಿ ಸುತ್ತಿದ ಪೆಡಲ್ ಕಲಿಸಿತು. ರಸ್ತೆ ಎರಡು ಪಥದ್ದು. ಲಾರಿ ಬಂದರೆ ನಾವು ಮಣ್ಣಿಗಿಳಿಯುತ್ತಿದ್ದೆವು. ಅಪಾಯವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಇಳಿಯಲು ಮಣ್ಣಿತ್ತು, ಅಡ್ಡ ದಾಟಲು ಎಲ್ಲಿ ಬೇಕಾದರೂ ಜಾಗವಿತ್ತು.

ಈಗ ಚತುಷ್ಪಥ. ಅದು ಸೈಕಲ್ಲಿಗೆ ಏನು ಮಾಡುತ್ತದೆಂದು ಕಾರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ವಿವರಿಸುತ್ತೇನೆ. ನಡುವೆ ಎತ್ತರದ ವಿಭಜಕ ಬಂತು. ಶಾಲೆ ಎಡಕ್ಕೆ, ಮನೆ ಬಲಕ್ಕೆ ಇದ್ದ ಮಗು ತಿರುವು ಸಿಗುವವರೆಗೆ ಹೋಗಿ, ತಿರುಗಿ ವಾಪಸ್ ಬರಬೇಕು. ಯಾವ ಮಗುವೂ ಹಾಗೆ ಮಾಡುವುದಿಲ್ಲ. ಅದು ಎದುರು ದಿಕ್ಕಿನಲ್ಲೇ ತುಳಿಯುತ್ತದೆ, ಇಲ್ಲವೇ ಸೈಕಲ್ಲನ್ನು ಎತ್ತಿ ವಿಭಜಕದ ಆಚೆ ಇಡುತ್ತದೆ. ಸರ್ವಿಸ್ ರಸ್ತೆ ಇರುವಲ್ಲಿ ಅದು ಊರು ಮುಗಿಯುವ ಮೊದಲೇ ಮುಗಿಯುತ್ತದೆ. ಇಲ್ಲದಲ್ಲಿ ಅಂಚಿನ ಬಿಳಿ ಗೆರೆಯ ಹೊರಗೆ ಒಂದು ಅಡಿ ಜಾಗ, ಅದರಾಚೆ ತಗ್ಗು ಅಥವಾ ತಡೆಬೇಲಿ. ವೇಗ ಮಾತ್ರ ಎರಡು ಪಟ್ಟು. ನನ್ನ ಆರು ದಿನದ ಪ್ರವಾಸದಲ್ಲಿ ಬಿದ್ದದ್ದು ಒಂದೇ ಸಲ, ಹೆದ್ದಾರಿಯಲ್ಲಿ. ಹಿಂದಿನಿಂದ ಹಾರ್ನ್ ಹೊಡೆಯುತ್ತ ಬಂದ ಬಸ್ಸು ಮೈಗೆ ತಾಗುವಷ್ಟು ಹತ್ತಿರ ಹೋಯಿತು, ನಾನು ಮರಳಿಗೆ ಬಿದ್ದು ಮೊಣಕಾಲು ತರಚಿಕೊಂಡೆ. ನಾನು ಹೆಲ್ಮೆಟ್ ಹಾಕಿದ್ದ ಪ್ರವಾಸಿ. ಎರಡು ದಿನ ಕುಂಟಿ, ಕಥೆ ಮಾಡಿಕೊಂಡು ಹೇಳುತ್ತೇನೆ. ನನ್ನ ಚಿಕ್ಕಪ್ಪನ ಮಗಳು ಅದೇ ಹೈಸ್ಕೂಲಿಗೆ ಹೋಗುತ್ತಾಳೆ. ಅವಳಿಗೆ ಸೈಕಲ್ಲಿಲ್ಲ. ಯೋಜನೆ ಕೋವಿಡ್ ವರ್ಷಗಳಲ್ಲಿ ನಿಂತಿತು, ಆಮೇಲೆ ಎಷ್ಟೋ ತಂಡಗಳು ಸೈಕಲ್ಲಿಲ್ಲದೆ ಎಂಟನೇ ತರಗತಿ ದಾಟಿದವು. ಒಂದು ವೇಳೆ ಸೈಕಲ್ ಕೊಟ್ಟರೂ ಚಿಕ್ಕಮ್ಮ ಅವಳನ್ನು ಆ ರಸ್ತೆಗೆ ಬಿಡುವುದಿಲ್ಲ. ಹದಿನಾಲ್ಕು ಮಕ್ಕಳನ್ನು ತುಂಬಿದ ರಿಕ್ಷಾಕ್ಕೆ ತಿಂಗಳ ಬಾಡಿಗೆ ಕೊಡುತ್ತಾರೆ.

ಸೈಕಲ್ ಪ್ರವಾಸದ ಮಾರ್ಗದರ್ಶಿಗಳೆಲ್ಲ ಒಂದು ಮಾತು ಹೇಳುತ್ತವೆ: ಕರಾವಳಿಗೆ ಹೋಗಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರವರಿ. ನಮ್ಮ ಮಕ್ಕಳಿಗೆ ಶಾಲೆ ಶುರುವಾಗುವುದು ಮಳೆಯ ಜೊತೆಗೆ. ಒಂದು ದಾರಿ ಸೈಕಲ್ಲಿಗೆ ಯೋಗ್ಯವೋ ಅಲ್ಲವೋ ಎಂಬುದನ್ನು ಡಿಸೆಂಬರಿನ ಪ್ರವಾಸಿಯನ್ನು ಕೇಳಿ ತೀರ್ಮಾನಿಸುತ್ತೇವೋ, ಜುಲೈಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿ ಹೊರಟ ಹುಡುಗಿಯನ್ನು ಕೇಳಿ ತೀರ್ಮಾನಿಸುತ್ತೇವೋ, ಈ ವಿಷಯದ ರಾಜಕಾರಣವೆಲ್ಲ ಇರುವುದು ಅಲ್ಲಿ.

ಜುಲೈ ಎಂದಾಗ ಶಿರೂರು ನೆನಪಾಗದೆ ಇರದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿಯಿತು. ರಸ್ತೆಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ ಮಣ್ಣಿನಡಿ ಹೋಯಿತು. ಲಾರಿಗಳು ಗಂಗಾವಳಿಗೆ ಬಿದ್ದವು; ಕೇರಳದ ಚಾಲಕರೊಬ್ಬರ ದೇಹ ಸಿಕ್ಕಿದ್ದು ಎರಡು ತಿಂಗಳು ದಾಟಿದ ಮೇಲೆ. ಹೊಳೆಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಆ ಊರಿನವರು ಹೆದ್ದಾರಿಯ ಮೇಲೆ ಇರಲೂ ಇಲ್ಲ. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ಹೊಳೆಯ ಹಳೆಯ ಸೇತುವೆ ಒಂದು ಲಾರಿಯ ಸಮೇತ ಕುಸಿಯಿತು. ಒಂದೇ ರಸ್ತೆಗೆ ಎಲ್ಲವನ್ನೂ ಕಟ್ಟಿಹಾಕಿದ ಊರು ಆ ರಸ್ತೆ ಮುರಿದ ದಿನ ಹೇಗಾಗುತ್ತದೆಂದು ಆ ಒಂದು ತಿಂಗಳು ತೋರಿಸಿತು. ಶಿರೂರಿನ ಬಳಿ ಹೆದ್ದಾರಿ ಮುಚ್ಚಿದ್ದ ದಿನಗಳಲ್ಲಿ ನಮ್ಮ ಕಡೆಯವರು ಮತ್ತೆ ಒಳದಾರಿಗಳ, ತಾರಿಗಳ ಲೆಕ್ಕ ಹಾಕುತ್ತಿದ್ದರು. ಅವು ಮರೆತುಹೋಗಿದ್ದವು, ಹೋಗಿರಲಿಲ್ಲ.

ಈಗ ಎದುರು ವಾದಗಳು. ಅವು ಹಗುರವಾದವಲ್ಲ.

ಮೊದಲನೆಯದು ನನ್ನ ಅಮ್ಮನದ್ದೇ. ನಾನು ಕಡವು ಕಡವು ಎಂದು ಹೇಳುವುದನ್ನು ಕೇಳಿ ಅವರು ಒಂದು ದಿನ ಸಿಟ್ಟಾದರು. "ನಿನಗೆ ತಾರಿ ಚಂದ ಕಾಣ್ತದೆ. ನಿನ್ನ ಅಜ್ಜಿಗೆ ಹೆರಿಗೆ ನೋವು ಬಂದ ರಾತ್ರಿ ದೋಣಿಯವ ಆಚೆ ದಡದಲ್ಲಿ ಮಲಗಿದ್ದ. ಕೂಗಿ ಕೂಗಿ ಗಂಟಲು ಹೋಯ್ತು." ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಇರಬಾರದು ಕೂಡ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ತಾರಿ ನಿಲ್ಲುತ್ತದೆ. ದೋಣಿ ಮಗುಚಿ ಜೀವ ಹೋದ ಕಥೆ ಅಳಿವೆಯ ಪ್ರತಿ ಊರಿನಲ್ಲೂ ಇದೆ. ಸೇತುವೆಗಾಗಿ ವರ್ಷಗಟ್ಟಲೆ ಅರ್ಜಿ ಕೊಟ್ಟವರ ಮುಂದೆ ಹೋಗಿ ದೋಣಿಯ ಸೌಂದರ್ಯ ಹೇಳುವ ಪ್ರವಾಸಿಗೆ ಎರಡು ಬೈಗುಳ ಸಿಕ್ಕರೆ ಅದು ನ್ಯಾಯ. ಗಂಗಾವಳಿ ಮತ್ತು ಮಂಜಗುಣಿಯ ನಡುವೆ ಜನ ಸೇತುವೆ ಕೇಳಿದ್ದು ಹಟಕ್ಕಲ್ಲ.

ಸೇತುವೆ ಬೇಡವೆಂದು ನಾನು ಹೇಳುತ್ತಿಲ್ಲ. ನಾನು ಕೇಳುವುದು ಎರಡು. ಕಟ್ಟುವ ಸೇತುವೆಯ ಮೇಲೆ ನಡೆಯುವವರಿಗೂ ಸೈಕಲ್ಲಿಗೂ ಜಾಗವಿರಲಿ. ಜಪಾನಿನಲ್ಲಿ 1999ರಲ್ಲಿ ಪೂರ್ತಿಯಾದ ಶಿಮಾನಾಮಿ ಕೈದೋ ಎಂಬ ಹೆದ್ದಾರಿ ದ್ವೀಪದಿಂದ ದ್ವೀಪಕ್ಕೆ ಹಾರುವ ದೈತ್ಯ ಸೇತುವೆಗಳ ಸಾಲು. ಆ ಸೇತುವೆಗಳ ಮೇಲೆ ಸೈಕಲ್ಲಿಗೆ ಬೇರೆಯೇ ಪಥವಿದೆ. ಸುಮಾರು 70 ಕಿಲೋಮೀಟರಿನ ಆ ದಾರಿ ಇವತ್ತು ಲೋಕಪ್ರಸಿದ್ಧ. ಅಂಥ ಸಮುದ್ರದ ಮೇಲೆ ಆಗುವುದು ನಮ್ಮ ಹೊಳೆಯ ಮೇಲೆ ಆಗದು ಎಂದರೆ ಅದು ತಂತ್ರಜ್ಞಾನದ ಮಾತಲ್ಲ, ಲೆಕ್ಕಕ್ಕೆ ಯಾರನ್ನು ಹಿಡಿಯುತ್ತೇವೆ ಎಂಬ ಮಾತು. ಎರಡನೆಯದು, ಸೇತುವೆ ಬಂದ ದಿನ ದೋಣಿಯನ್ನು ನಿಲ್ಲಿಸಬೇಡಿ. ಹೆದ್ದಾರಿಯ ಸೇತುವೆಗಳು ಅಳಿವೆಯಿಂದ ದೂರದಲ್ಲಿರುತ್ತವೆ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರಿಗಿದೆ, ನೀರಿನ ಮೇಲೆ ಹೋದರೆ ಹತ್ತಿರ. ರಸ್ತೆಯಲ್ಲಿ ಹೆಮ್ಮಾಡಿ, ತ್ರಾಸಿ ಸುತ್ತಿ ಹೋದರೆ ಸುಮಾರು ಹದಿನೈದು ಕಿಲೋಮೀಟರ್. ಕಾರಿಗೆ ಅದು ಇಪ್ಪತ್ತೈದು ನಿಮಿಷ. ಸೈಕಲ್ಲಿಗೆ, ನಡೆಯುವ ಕಾಲಿಗೆ, ಅದು ಬೇರೆ ಊರು. ಎರಡು ದಡದಲ್ಲಿ ಒಂದೇ ಊರಿನಂತೆ ಬದುಕಿದವರನ್ನು ಸೇತುವೆ ಸೇರಿಸಿತು ಎನ್ನುವಾಗ ಯಾವ ವಾಹನದಲ್ಲಿ ಎಂಬ ಪ್ರಶ್ನೆಯನ್ನೂ ಕೇಳಬೇಕು.

ಎರಡನೆಯ ವಾದ: ಈಗ ಕರಾವಳಿಯಲ್ಲಿ ಸೈಕಲ್ ಯಾರು ತುಳಿಯುತ್ತಾರೆ? ಪೊಂ ಪೊಂ ಎಂದು ಹಾರ್ನ್ ಹಿಂಡುತ್ತ ಬರುತ್ತಿದ್ದ ಮೀನಿನವರೂ ಸ್ಕೂಟರ್ ಹತ್ತಿದ್ದಾರಲ್ಲ? ಹೌದು, ಹತ್ತಿದ್ದಾರೆ. ಏರು ದಾರಿಯಲ್ಲಿ ಐಸು ತುಂಬಿದ ಪೆಟ್ಟಿಗೆ ಹೊತ್ತು ತುಳಿದವರಿಗೆ ಸ್ಕೂಟರ್ ಸಿಕ್ಕಿದ್ದು ಸಂತೋಷವೇ. ಆದರೆ 2011ರ ಜನಗಣತಿಯಲ್ಲೂ ದೇಶದ ಪ್ರತಿ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು, ಸ್ಕೂಟರ್ ಅಥವಾ ಬೈಕು ಇದ್ದದ್ದು 21ರಲ್ಲಿ. ಆ ಸೈಕಲ್ಲುಗಳೆಲ್ಲ ಒಂದೇ ದಿನ ತುಕ್ಕು ಹಿಡಿಯಲಿಲ್ಲ. ಮೊದಲು ರಸ್ತೆ ಅವನ್ನು ಹೊರಗೆ ಹಾಕಿತು, ಆಮೇಲೆ ನಾವು ರಸ್ತೆಯಲ್ಲಿ ಸೈಕಲ್ಲೇ ಇಲ್ಲವಲ್ಲ ಎಂದೆವು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೋಗಳನ್ನೇ ನಿಷೇಧಿಸಲಾಯಿತು, ಸೈಕಲ್ಲಿನ ಮಾತು ಬಿಡಿ. ಕರಾವಳಿಯಲ್ಲಿ ಅಂಥ ಆದೇಶದ ಅಗತ್ಯವೂ ಇಲ್ಲ. ಭಯವೇ ಸಾಕು.

ಮೂರನೆಯದು ಹೆಚ್ಚು ಜಾಣ ವಾದ: ಹಾಗಾದರೆ ಕಡಲತೀರದಲ್ಲಿ ಚಂದದ ಸೈಕಲ್ ಟ್ರ್ಯಾಕ್ ಮಾಡೋಣ, ಪ್ರವಾಸೋದ್ಯಮವೂ ಆಯಿತು, ಪರಿಸರವೂ ಆಯಿತು. ಇದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರುತ್ತೇನೆ. ಪಡುಕರೆಯ ಮರಳು ಖಾಲಿ ಜಾಗವಲ್ಲ. ಅಲ್ಲಿ ಬಲೆ ಹರವುತ್ತಾರೆ, ಮೀನು ಒಣಗಿಸುತ್ತಾರೆ, ಮಳೆಗಾಲಕ್ಕೆ ದೋಣಿ ಎಳೆದಿಡುತ್ತಾರೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ದಟ್ಟ ಜನವಸತಿಯ ಗ್ರಾಮೀಣ ತೀರಗಳಲ್ಲಿ ಕಟ್ಟಡ ನಿಷಿದ್ಧ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರಿಗೆಂದು ಊರಿನ ನಡುವೆ ರಸ್ತೆ ತರುವುದನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಕಾರವಾರದ ಬಳಿ ನೌಕಾನೆಲೆಗೆ ಅರಗ ಮೊದಲಾದ ಊರುಗಳು ಕಡಲನ್ನೇ ಬಿಟ್ಟುಕೊಟ್ಟವು. ಅಲ್ಲಿ ಸೈಕಲ್ ತುಳಿಯುವಾಗ ಕಡಲಿನ ಕಡೆಗೆ ಗೋಡೆ ಕಾಣುತ್ತದೆ. ದೇಶದ ರಕ್ಷಣೆಗೆ ಕೊಟ್ಟದ್ದು ಒಂದು ಮಾತು. ನಮ್ಮ ಭಾನುವಾರದ ವ್ಯಾಯಾಮಕ್ಕೆ ಮರಳಿನ ಮೇಲೆ ಕಾಂಕ್ರೀಟ್ ಹಾಸಿ, ಮೀನುಗಾರರನ್ನು ಟ್ರ್ಯಾಕಿನಿಂದ ದೂರ ಸರಿಯಿರಿ ಎನ್ನುವುದು ಇನ್ನೊಂದು ಮಾತು. ಸೈಕಲ್ಲಿನ ಹೆಸರಿನಲ್ಲಿ ಆಗುವ ಒಕ್ಕಲೆಬ್ಬಿಸುವಿಕೆಗೆ ಹೊಗೆ ಬರುವುದಿಲ್ಲ ಎಂಬ ಒಂದೇ ವ್ಯತ್ಯಾಸ.

ಟ್ರ್ಯಾಕ್ ಕಟ್ಟದೆಯೂ ದಾರಿ ಮಾಡಬಹುದು ಎಂಬುದಕ್ಕೆ ತೈವಾನ್ ಸಾಕ್ಷಿ. ಅಲ್ಲಿ ದ್ವೀಪವನ್ನು ಸೈಕಲ್ಲಿನಲ್ಲಿ ಸುತ್ತುವುದು ಒಂದು ಸಂಪ್ರದಾಯ. 2015ರಲ್ಲಿ ಅವರು ಸೈಕಲ್ ಮಾರ್ಗ ಸಂಖ್ಯೆ 1 ಎಂದು ಸುಮಾರು 970 ಕಿಲೋಮೀಟರಿನ ದಾರಿಯನ್ನು ಘೋಷಿಸಿದರು. ಅದರ ಬಹುಪಾಲು ಮೊದಲೇ ಇದ್ದ ರಸ್ತೆಗಳು. ಮಾಡಿದ್ದು ಫಲಕ, ನೆಲದ ಮೇಲಿನ ಗುರುತು, ರೈಲು ನಿಲ್ದಾಣಗಳ ಜೋಡಣೆ, ತಂಗಲು ಜಾಗ. ನಮ್ಮಲ್ಲಿ ಊರದಾರಿ ಇದೆ, 1998ರಿಂದ ಪೂರ್ತಿಯಾಗಿ ಓಡುವ ಕೊಂಕಣ ರೈಲಿದೆ, ಹೊಳೆಗಳಿವೆ. ಇರುವುದನ್ನು ಇದೆ ಎಂದು ಒಪ್ಪಿಕೊಳ್ಳುವುದಷ್ಟೇ ಬಾಕಿ.

ಒಪ್ಪಿಕೊಳ್ಳುವುದೆಂದರೆ ಹಣ ಹಾಕುವುದು. ಕಡವನ್ನು ಇವತ್ತು ನಾವು ಗುತ್ತಿಗೆಗೆ ಬಿಡುವ ಒಂದು ಸಣ್ಣ ವ್ಯಾಪಾರವೆಂದು ಕಾಣುತ್ತೇವೆ. ಲಾಭವಿದ್ದರೆ ನಡೆಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಬಸ್ಸನ್ನು ಹಾಗೆ ಕಾಣುತ್ತೇವೆಯೇ? 2023ರ ಜೂನ್ 11ರಿಂದ ರಾಜ್ಯದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಅದು ಒಳ್ಳೆಯ ಕೆಲಸ. ಆದರೆ ಖಾಸಗಿ ಬಸ್ಸುಗಳೇ ಹೆಚ್ಚಿರುವ ದಕ್ಷಿಣ ಕನ್ನಡ, ಉಡುಪಿಯಲ್ಲಿ ಅದರ ಫಲ ಕಡಿಮೆ, ಹೊಳೆಯ ಮೇಲಂತೂ ಸೊನ್ನೆ. ಕೋಡಿಬೆಂಗ್ರೆಯ ಬಾರ್ಜಿನಲ್ಲಿ ನನ್ನ ಜೊತೆಗಿದ್ದ ಆ ಅಜ್ಜಿ ಬ್ಯಾಂಕಿಗೆ ಹೋಗಲು ದುಡ್ಡು ಕೊಟ್ಟರು. ಬಸ್ಸಿಗೆ ಶಕ್ತಿ ಯೋಜನೆ ಇರುವಾಗ ದೋಣಿಗೆ ಯಾಕಿಲ್ಲ? ಹೊಳೆಯ ಆಚೆ ಇರುವ ಹೆಂಗಸು ಕರ್ನಾಟಕದವಳಲ್ಲವೇ? ಕೊಚ್ಚಿಯಲ್ಲಿ 2023ರ ಏಪ್ರಿಲಿನಲ್ಲಿ ಜಲಮೆಟ್ರೋ ಶುರುವಾದ ಮೇಲೆ ಮಂಗಳೂರಿಗೂ ಅದು ಬರಲಿ ಎಂಬ ಮಾತು ಕೇಳಿಬರುತ್ತಿದೆ. ಬರಲಿ. ಅದಕ್ಕೂ ಮೊದಲು ಹಳೆಬಂದರಿನಿಂದ ಬೆಂಗ್ರೆಗೆ, ಹಂಗಾರಕಟ್ಟೆಯಿಂದ ಕೋಡಿಬೆಂಗ್ರೆಗೆ, ಅಘನಾಶಿನಿಯಿಂದ ತದಡಿಗೆ ಹೋಗುವ ಬಡ ದೋಣಿಗಳಿಗೆ ವೇಳಾಪಟ್ಟಿ, ಜೀವರಕ್ಷಕ ಕವಚ, ರಾತ್ರಿಗೊಬ್ಬ ನಾವಿಕ, ತುರ್ತಿಗೊಂದು ಯಂತ್ರದ ದೋಣಿ ಕೊಡಿ. ನನ್ನ ಅಮ್ಮನ ಸಿಟ್ಟಿಗೆ ಅದೇ ಉತ್ತರವಾಗಬಹುದು.

ಇನ್ನು ನಮ್ಮ ಪಾಲು. ಸ್ಪರ್ಧೆಗೆ, ದೇಹದ ಮಿತಿ ನೋಡಿಕೊಳ್ಳಲಿಕ್ಕೆ ತುಳಿಯುವವರ ಮೇಲೆ ನನಗೆ ದೂರಿಲ್ಲ. 200 ಕಿಲೋಮೀಟರಿನ ಬ್ರೆವೆಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕೆಂಬ ನಿಯಮವಿದ್ದರೆ ದೋಣಿಗೆ ಕಾಯಲಾಗುವುದಿಲ್ಲ, ಸರಿ. ಆದರೆ ಪ್ರವಾಸ ಎಂದು ಹೊರಟವರು, ಅದರ ಮೇಲೆ ಕನ್ನಡದಲ್ಲಿ ಬರೆಯಬೇಕೆಂದು ಹೊರಟವರು, ಗಡಿಯಾರವನ್ನು ಯಾರಿಂದ ಎರವಲು ತಂದೆವು ಎಂದು ಕೇಳಿಕೊಳ್ಳಬೇಕು. ಹೆದ್ದಾರಿಯಲ್ಲಿ ಹೋದವರ ಬರಹಗಳನ್ನು ಓದಿ. ಅವುಗಳಲ್ಲಿ ಊರಿನವರು ಬರುವುದು ಎರಡೇ ಪಾತ್ರದಲ್ಲಿ: ದಾರಿ ತೋರಿಸುವವರು, ಎಳನೀರು ಕೆತ್ತಿ ಕೊಟ್ಟವರು. ಕಡವಿನಲ್ಲಿ ಅರ್ಧ ಗಂಟೆ ಕಾದರೆ ಊರಿನವರೇ ನಮ್ಮನ್ನು ಪ್ರಶ್ನೆ ಕೇಳುತ್ತಾರೆ. ಎಲ್ಲಿಯವರು, ಯಾಕೆ ಬಂದಿರಿ, ಇಷ್ಟು ದುಬಾರಿ ಸೈಕಲ್ ಯಾಕೆ, ಮನೆಯಲ್ಲಿ ಹೇಳಿ ಬಂದಿದ್ದೀರೋ. ಆ ಪ್ರಶ್ನೆಗಳಿಗೆ ಉತ್ತರ ಕೊಡುವ ಕಷ್ಟದಿಂದಲೇ ಬರೆಯಬೇಕಾದ ಪ್ರವಾಸ ಕಥನ ಶುರುವಾಗುತ್ತದೆ.

ಅಘನಾಶಿನಿಯ ದಡದಲ್ಲಿ ನಾನು ತದಡಿಯ ದೋಣಿಗೆ ಮುಕ್ಕಾಲು ಗಂಟೆ ಕಾದೆ. ಇಳಿತದ ಹೊತ್ತು. ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ಬಳಚು ಆರಿಸುತ್ತಿದ್ದರು. ಅಣೆಕಟ್ಟು ಕಟ್ಟದ ಹೊಳೆ ಅದು. ಉಪ್ಪುನೀರಿನ ಗಜನಿಯಲ್ಲಿ ಇಂದಿಗೂ ಕಗ್ಗ ಭತ್ತ ಬೆಳೆಯುವವರಿದ್ದಾರೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂದು ಲೋಕ ಗುರುತಿಸಿದ ಜಾಗವನ್ನು ನೋಡಲು ಇರುವ ಅತ್ಯಂತ ಸುಲಭದ ದಾರಿ ಆ ದೋಣಿ. ಚಹಾದಂಗಡಿಯ ಗೆಳೆಯರ ನಕ್ಷೆಯಲ್ಲಿ ಅದರ ಪಕ್ಕ ಬರೆದದ್ದು ಸಮಯ ಹಾಳು ಎಂದು. ಅವರು ಹೆದ್ದಾರಿಯಲ್ಲಿ ಮಿರ್ಜಾನ, ಮಾದನಗೇರಿ ಸುತ್ತಿ ಹೋಗುತ್ತಾರೆ, ಉಳಿಸಿದ ಸಮಯವನ್ನು ರೆಸಾರ್ಟಿನಲ್ಲಿ ಕಳೆಯುತ್ತಾರೆ.

ಈ ಪತ್ರಿಕೆ ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಬರುವ ರಜೆಯಲ್ಲಿ ಕರಾವಳಿಗೆ ಹೊರಡುತ್ತೀರಿ. ದುಬಾರಿ ಸೈಕಲ್ ಬೇಕಿಲ್ಲ, ಅಟ್ಟದ ಮೇಲಿರುವ ಸರ್ಕಾರಿ ಸೈಕಲ್ಲೇ ಸಾಕು, ಪೆಡಲ್ಲಿಗೆ ತಂತಿ ಸುತ್ತಿಕೊಳ್ಳಿ. ನೀಲಿ ಗೆರೆಯನ್ನು ಹೆದ್ದಾರಿಯಿಂದ ಕಿತ್ತು ಪಡುಕರೆಗೆ ಎಳೆಯಿರಿ, ಎಳೆದದ್ದನ್ನು ಇತರರಿಗೆ ಕೊಡಿ. ಪ್ರತಿ ಕಡವಿನಲ್ಲಿ ಮೂರು ವಿಷಯ ಬರೆದುಕೊಳ್ಳಿ: ಮೊದಲ ದೋಣಿ ಎಷ್ಟು ಗಂಟೆಗೆ, ಕೊನೆಯದು ಎಷ್ಟು ಗಂಟೆಗೆ, ಮಳೆಗಾಲದಲ್ಲಿ ಎಷ್ಟು ದಿನ ನಿಲ್ಲುತ್ತದೆ. ದೋಣಿ ನಿಂತುಹೋದ ಕಡೆ ಯಾವ ವರ್ಷ ನಿಂತಿತೆಂದು ಅಲ್ಲಿಯ ಹಿರಿಯರನ್ನು ಕೇಳಿ. ಹೈಸ್ಕೂಲಿನ ಗೇಟಿನ ಮುಂದೆ ವಿಭಜಕಕ್ಕೆ ತೆರವು ಇದೆಯೋ ಇಲ್ಲವೋ, ಇಲ್ಲದಿದ್ದರೆ ಅತ್ಯಂತ ಹತ್ತಿರದ ತೆರವಿಗೆ ಎಷ್ಟು ದೂರ ಎಂದು ನಿಮ್ಮ ಸೈಕಲ್ಲಿನ ಮೀಟರಿನಲ್ಲೇ ಅಳೆಯಿರಿ. ಆವರೇಜ್ ಸ್ಪೀಡ್ ಅಳೆಯುವ ಯಂತ್ರಕ್ಕೆ ಈ ಕೆಲಸವೂ ಬರುತ್ತದೆ. ಆ ಪಟ್ಟಿಯನ್ನು ಹಿಡಿದು ಪಂಚಾಯಿತಿಗೆ, ಶಾಸಕರಿಗೆ, ಹೆದ್ದಾರಿಯವರಿಗೆ ಕೊಡುವ ಕೆಲಸದಲ್ಲಿ ನಾನೂ ಇರುತ್ತೇನೆ. ಸೂರ್ಯಾಸ್ತದ ಫೋಟೋ ತೆಗೆಯಬೇಡಿ ಎನ್ನುವುದಿಲ್ಲ. ಈ ಬರಹದ ಜೊತೆ ಅದನ್ನೂ ಕಳಿಸಿ.